ನಮ್ಮ ರಾಜ ಯಾಕೆ ತಡವರಿಸಿ ನಡೆಯುತ್ತಾನೆ? ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ, ಹಳೇ ಲ್ಯಾಪ್‌ಟಾಪ್‌ನಲ್ಲಿ

ನಮ್ಮ ನಾಟಕ ತಂಡದಲ್ಲಿ ನಾನು ಲೈಟಿಂಗ್ ನೋಡಿಕೊಳ್ಳುವವಳು. ವಿಡಿಯೋ ಎಡಿಟಿಂಗ್ ನನ್ನ ಕೆಲಸವಲ್ಲ. ಆದರೆ ಪ್ರದರ್ಶನ ಮುಗಿದ ಮೇಲೆ "ಕಂಪ್ಯೂಟರ್ ಗೊತ್ತಿರೋರು ಯಾರಿದ್ದೀರಿ?" ಎಂದು ಯಾರೋ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಲೈಟ್ ಬೋರ್ಡಿನ ಗುಂಡಿ ಒತ್ತುವವಳಿಗೆ ಲೋಕದ ಎಲ್ಲ ಗುಂಡಿಯೂ ಗೊತ್ತಿರುತ್ತದೆ ಎಂಬ ನಂಬಿಕೆ.

ಕೈಗೆ ಬಂದದ್ದು ಇಷ್ಟು. ನಾಟಕ 70 ನಿಮಿಷದ್ದು. ಎಡಕ್ಕೆ ಒಂದು ಫೋನ್, ಬಲಕ್ಕೆ ಒಂದು ಫೋನ್, ಎರಡೂ 4ಕೆ, ಸೆಕೆಂಡಿಗೆ 30 ಫ್ರೇಮ್ (ಅಂದರೆ 30 ಬಿಡಿ ಚಿತ್ರ). ನಡುವೆ ಸ್ಟ್ಯಾಂಡಿನ ಮೇಲೆ ಒಂದು ಹಳೇ ಕ್ಯಾಮೆರಾ, ಅದು 1080ಪಿ ಮಾತ್ರ. ಮೂರನ್ನೂ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಆದ ಡಾವಿಂಚಿ ರಿಸಾಲ್ವ್‌ಗೆ ಹಾಕಿದೆ. ಉಚಿತವಾಗಿ ಸಿಗುತ್ತದೆ, ವಾಟರ್‌ಮಾರ್ಕ್ ಹಾಕುವುದಿಲ್ಲ ಎಂದು ಕೇಳಿದ್ದೆ. ಎರಡೂ ನಿಜ. ಸ್ಪೇಸ್ ಬಾರ್ ಒತ್ತಿದೆ. ರಾಜನ ಪಾತ್ರಧಾರಿ ಒಂದು ಹೆಜ್ಜೆ ಇಟ್ಟ. ನಿಂತ. ಮತ್ತೆ ಎರಡು ಹೆಜ್ಜೆ ಒಟ್ಟಿಗೆ ಹಾರಿದ. ಮಾತು ಮಾತ್ರ ಸರಾಗವಾಗಿ ಬರುತ್ತಿತ್ತು.

ಹಿಂದೆ ನಿಂತು ನೋಡುತ್ತಿದ್ದ ರಾಜನೇ ಕೇಳಿದ: "ಅಕ್ಕಾ, ನಾನು ಅಷ್ಟು ಕೆಟ್ಟದಾಗಿ ನಡೀತೀನಾ?"

"ಇದು ಕಂಪ್ಯೂಟರ್ ಕಣೋ" ಎಂದೆ. ಆಗ ನನಗೂ ಪೂರ್ತಿ ಧೈರ್ಯವಿರಲಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ರಿಪೇರಿ ಅಂಗಡಿಗೆ ಹೋದೆ. ಅವರು ವಿಡಿಯೋ ತೆರೆದೂ ನೋಡದೆ "ರ‍್ಯಾಮ್ ಸಾಲದು ಮೇಡಂ" ಎಂದರು. 16 ಜಿಬಿ ಇದ್ದದ್ದನ್ನು 32 ಮಾಡಿಸಿದೆ. ಮನೆಗೆ ಬಂದು ಅದೇ ದೃಶ್ಯ ಹಾಕಿದೆ. ರಾಜ ಅದೇ ರೀತಿ ತಡವರಿಸಿದ. ಅಷ್ಟೇ ಜಾಗದಲ್ಲಿ, ಅಷ್ಟೇ ಸಲ. ರ‍್ಯಾಮ್ ದಂಡ ಎನ್ನುವುದಿಲ್ಲ. ರಿಸಾಲ್ವ್‌ಗೆ 16 ಜಿಬಿ ಬೇಕು, ಅದರೊಳಗಿನ ಫ್ಯೂಷನ್ ಎಂಬ ಎಫೆಕ್ಟ್ ಭಾಗ ಬಳಸಿದರೆ 32 ಇರಲಿ ಎಂದು ತಯಾರಕರೇ ಹೇಳುತ್ತಾರೆ. ಆದರೆ ನನ್ನ ರೋಗಕ್ಕೆ ಅದು ಮದ್ದಾಗಿರಲಿಲ್ಲ.

ಸುಳಿವು ಸಿಕ್ಕಿದ್ದು ಹಳೇ ಕ್ಯಾಮೆರಾದಿಂದ. ಅದರ ಕ್ಲಿಪ್ ಒಂದನ್ನೇ, ಕ್ಲಿಪ್ ಜೋಡಿಸುವ ಪಟ್ಟಿಯಾದ ಟೈಮ್‌ಲೈನ್‌ಗೆ ಹಾಕಿದರೆ ಬೆಣ್ಣೆಯ ಹಾಗೆ ಓಡುತ್ತಿತ್ತು. ಫೋನಿನ ಕ್ಲಿಪ್ ಹಾಕಿದ ಕೂಡಲೇ ತೊದಲು. ಅಂದರೆ ತೊಂದರೆ ಇಡೀ ಲ್ಯಾಪ್‌ಟಾಪಿನದ್ದಲ್ಲ, ಸಾಫ್ಟ್‌ವೇರಿನದ್ದೂ ಅಲ್ಲ. ಫೋನಿನ ಫೈಲಿನಲ್ಲೇ ಏನೋ ಇದೆ.

ಇಲ್ಲಿ ರಿಸಾಲ್ವ್‌ಗೆ ಮೊದಲ ಮೆಚ್ಚುಗೆ. ವಿಡಿಯೋ ಕಾಣುವ ಕಿಟಕಿಯ ಮೇಲೆ ಒಂದು ಸಣ್ಣ ಚುಕ್ಕಿ, ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಸರಿಯಾದ ವೇಗದಲ್ಲಿ ಓಡುತ್ತಿದ್ದರೆ ಚುಕ್ಕಿ ಹಸಿರು. ಹಿಂದೆ ಬಿದ್ದರೆ ಕೆಂಪು. ಸಂಖ್ಯೆ ಎಷ್ಟು ಫ್ರೇಮ್ ಓಡುತ್ತಿದೆ ಎಂದು ತೋರಿಸುತ್ತದೆ. 30 ಇರಬೇಕಾದ ಕಡೆ ನನಗೆ 11, 9, ಒಮ್ಮೊಮ್ಮೆ 7 ಕಾಣುತ್ತಿತ್ತು. ಕಣ್ಣಿನ ಅಂದಾಜು ಬಿಟ್ಟು ಅಂಕಿ ಹಿಡಿದು ಹುಡುಕಲು ಇದರಿಂದ ಸಾಧ್ಯವಾಯಿತು. ಒಂದೊಂದೇ ಬದಲಾವಣೆ ಮಾಡುವುದು, ಸಂಖ್ಯೆ ನೋಡುವುದು. ಅದೇ ಕಿಟಕಿಯ ಮೂಲೆಯ ಮೂರು ಚುಕ್ಕಿ ಮೆನುವಿನಲ್ಲಿ 'ಶೋ ಆಲ್ ವಿಡಿಯೋ ಫ್ರೇಮ್ಸ್' ಎಂಬ ಆಯ್ಕೆಯಿದೆ. ಅದಕ್ಕೆ ಟಿಕ್ ಬಿದ್ದಿದ್ದರೆ ಯಾವ ಫ್ರೇಮನ್ನೂ ಬಿಡದೆ ತೋರಿಸಲು ಹೋಗಿ ಇಡೀ ಓಟವೇ ನಿಧಾನವಾಗುತ್ತದೆ, ಧ್ವನಿಯೂ ಹಾಳಾಗುತ್ತದೆ. ಟಿಕ್ ತೆಗೆದಿದ್ದರೆ ಫ್ರೇಮ್ ಹಾರಿಸಿ ಧ್ವನಿಯ ಜೊತೆ ಓಡುತ್ತದೆ. ಎರಡೂ ಒಂದೇ ರೋಗದ ಎರಡು ಮುಖ ಅಷ್ಟೆ.

ಈಗ ಫೋನಿನ ಫೈಲಿಗೆ ಬರೋಣ. ಇದು ನನಗೆ ಅರ್ಥವಾದದ್ದು ನನ್ನ ಲೈಟಿಂಗ್ ಪುಸ್ತಕದಿಂದ.

ನಾಟಕಕ್ಕೆ ಲೈಟ್ ಮಾಡುವಾಗ ಪ್ರತಿ ಬದಲಾವಣೆಗೂ ಒಂದು ಕ್ಯೂ ಇರುತ್ತದೆ. ಹಾಳೆ ಉಳಿಸಲು ನಾನು ಎಲ್ಲ ಕ್ಯೂಗಳನ್ನೂ ಪೂರ್ತಿ ಬರೆಯುವುದಿಲ್ಲ. ಕ್ಯೂ 30ರಲ್ಲಿ ಎಲ್ಲ ದೀಪಗಳ ಮಟ್ಟ ಬರೆದಿರುತ್ತೇನೆ. ಕ್ಯೂ 31ರಲ್ಲಿ "7ನೇ ದೀಪ 40ಕ್ಕೆ" ಎಂದಷ್ಟೇ. 32ರಲ್ಲಿ "ನೀಲಿ ಪೂರ್ತಿ ಆಫ್". ಪುಸ್ತಕ ತೆಳ್ಳಗಿರುತ್ತದೆ. ಮೊದಲಿಂದ ಕೊನೆವರೆಗೆ ಓಡಿಸಿದರೆ ಏನೂ ತೊಂದರೆಯಿಲ್ಲ. ಆದರೆ ತಾಲೀಮಿನಲ್ಲಿ ನಿರ್ದೇಶಕರು "34ರಿಂದ ತಗೊಳ್ಳಮ್ಮ" ಎಂದುಬಿಟ್ಟರೆ ಕಥೆ ಮುಗಿಯಿತು. 30ಕ್ಕೆ ಹಿಂದೆ ಹೋಗಿ, 31, 32, 33ರ ಬದಲಾವಣೆಗಳನ್ನೆಲ್ಲ ಒಂದೊಂದಾಗಿ ಕೂಡಿಸಿ, ಆಮೇಲೆ 34 ಏನೆಂದು ಕಂಡುಹಿಡಿಯಬೇಕು. ಅಷ್ಟರಲ್ಲಿ ನಿರ್ದೇಶಕರು "35" ಎನ್ನುತ್ತಾರೆ.

ಫೋನು ವಿಡಿಯೋ ಬರೆಯುವುದೂ ಹೀಗೇ. ಹೆಚ್ಚಿನ ಫೋನುಗಳು ಎಚ್.264 ಅಥವಾ ಎಚ್.265 ಎಂಬ ಬಗೆಯಲ್ಲಿ ಉಳಿಸುತ್ತವೆ. ಮೊದಲನೆಯದು 2003ರದ್ದು, ಎರಡನೆಯದು 2013ರದ್ದು. ಒಂದು ಫ್ರೇಮ್ ಪೂರ್ತಿ ಚಿತ್ರ. ಅದರ ನಂತರದ ಸಾಲು ಸಾಲು ಫ್ರೇಮುಗಳಲ್ಲಿ "ಹಿಂದಿನದಕ್ಕಿಂತ ಏನು ಬದಲಾಗಿದೆ" ಎಂಬ ಟಿಪ್ಪಣಿ ಮಾತ್ರ. ಇನ್ನೂ ಕೆಲವು ಫ್ರೇಮುಗಳು ಹಿಂದಿನದನ್ನಷ್ಟೇ ಅಲ್ಲ, ಮುಂದೆ ಬರುವುದನ್ನೂ ನೋಡಿ ಬಿಡಿಸಬೇಕಾದವು. ನನ್ನ ಪುಸ್ತಕದಲ್ಲಿ ಅಂಥ ಕ್ಯೂ ಇದ್ದಿದ್ದರೆ ನಾನು ಕೆಲಸ ಬಿಡುತ್ತಿದ್ದೆ. ಸಿನಿಮಾ ನೋಡುವಾಗ ಒಂದೇ ದಿಕ್ಕಿನಲ್ಲಿ ಓಡುತ್ತದೆ, ಹಾಗಾಗಿ ನಡೆಯುತ್ತದೆ. ಎಡಿಟಿಂಗ್‌ನಲ್ಲಿ ಮಾತ್ರ ಹಿಂದೆ, ಮುಂದೆ, ನಡುವಿಂದ, ಮೂರು ಕ್ಯಾಮೆರಾ ಒಟ್ಟಿಗೆ. ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದೊಂದಕ್ಕೂ ಸಿಗುವ ಸಮಯ 33 ಮಿಲಿಸೆಕೆಂಡ್. ಅದರೊಳಗೆ ಈ ಲೆಕ್ಕವೆಲ್ಲ ಮುಗಿಯಬೇಕು. ಮುಗಿಯದಿದ್ದರೆ ರಾಜ ತಡವರಿಸುತ್ತಾನೆ.

ಹಳೇ ಕ್ಯಾಮೆರಾದ ಫೈಲೂ ಎಚ್.264 ಬಗೆಯದೇ. ಆದರೆ 1080ಪಿ ಎಂದರೆ ಒಂದು ಫ್ರೇಮಿಗೆ ಸುಮಾರು 20 ಲಕ್ಷ ಪಿಕ್ಸೆಲ್. 4ಕೆಯಲ್ಲಿ ಸುಮಾರು 83 ಲಕ್ಷ. ನಾಲ್ಕು ಪಟ್ಟು ಕೆಲಸ. ಅದಕ್ಕೇ ಅದು ಓಡುತ್ತಿತ್ತು, ಇದು ಕುಂಟುತ್ತಿತ್ತು.

ಇದಕ್ಕೆ ಮದ್ದಿನ ಹೆಸರು ಪ್ರಾಕ್ಸಿ. ಮೂಲ ಫೈಲಿನ ಒಂದು ಹಗುರ ನಕಲು ಮಾಡಿಟ್ಟುಕೊಂಡು, ಎಡಿಟ್ ಎಲ್ಲ ಅದರ ಮೇಲೆ ಮಾಡಿ, ಕೊನೆಗೆ ಹೊರತೆಗೆಯುವಾಗ ಮೂಲವನ್ನೇ ಬಳಸುವುದು. ರಿಸಾಲ್ವ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ 'ಜನರೇಟ್ ಪ್ರಾಕ್ಸಿ ಮೀಡಿಯಾ' ಎಂದರೆ ಆಯಿತು. ಎಷ್ಟು ಚಿಕ್ಕದು, ಯಾವ ಬಗೆ, ಎಲ್ಲಿ ಉಳಿಸಬೇಕು ಎಂಬುದನ್ನು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಹೇಳಿಡಬೇಕು. ನಾನು ಅರ್ಧ ರೆಸಲ್ಯೂಷನ್ ಇಟ್ಟೆ, ಬಗೆ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ. ಮ್ಯಾಕ್ ಇರುವವರು ಪ್ರೊರೆಸ್ ಪ್ರಾಕ್ಸಿ ಆರಿಸಿಕೊಳ್ಳುತ್ತಾರೆ. ಎರಡರಲ್ಲೂ ಪ್ರತಿ ಫ್ರೇಮ್ ತನ್ನಷ್ಟಕ್ಕೆ ಪೂರ್ತಿ. ಅಂದರೆ ಪ್ರತಿ ಕ್ಯೂವನ್ನೂ ಪೂರ್ತಿ ಬರೆದ ಪುಸ್ತಕ. ಯಾವ ಪುಟ ತೆರೆದರೂ ದೀಪ ಹಚ್ಚಬಹುದು.

ಪುಸ್ತಕ ದಪ್ಪವಾಗುತ್ತದೆ ಅಲ್ವಾ? ಹೌದು, ಇಲ್ಲಿ ನನಗೆ ಆಶ್ಚರ್ಯ ಕಾದಿತ್ತು. ನಮ್ಮ ಫೋನು 4ಕೆಯಲ್ಲಿ ನಿಮಿಷಕ್ಕೆ ಸುಮಾರು 170 ಎಂಬಿ ತಿನ್ನುತ್ತದೆ. 70 ನಿಮಿಷಕ್ಕೆ ಸುಮಾರು 12 ಜಿಬಿ. ಪ್ರೊರೆಸ್ ಪ್ರಾಕ್ಸಿ 1080ಪಿಯಲ್ಲಿ, 30 ಫ್ರೇಮಿಗೆ, ಸೆಕೆಂಡಿಗೆ ಸುಮಾರು 45 ಮೆಗಾಬಿಟ್. ಲೆಕ್ಕ ಹಾಕಿದರೆ ಅದೇ 70 ನಿಮಿಷಕ್ಕೆ 23 ಜಿಬಿ ದಾಟುತ್ತದೆ. ಪಿಕ್ಸೆಲ್ ನಾಲ್ಕನೇ ಒಂದು ಭಾಗ, ಫೈಲ್ ಎರಡು ಪಟ್ಟು! ನಾನು ಅಲ್ಲಿವರೆಗೆ ಫೈಲ್ ಚಿಕ್ಕದಿದ್ದರೆ ಸುಲಭವಾಗಿ ಓಡುತ್ತದೆ ಎಂದುಕೊಂಡಿದ್ದೆ. ಅದೇ ನಂಬಿಕೆಯಿಂದ ಒಮ್ಮೆ ಫೋನಿನ ಕ್ಲಿಪ್‌ಗಳನ್ನು ಇನ್ನಷ್ಟು ಕುಗ್ಗಿಸಿ ಎಚ್.265 ಆಗಿ ಬದಲಾಯಿಸಿಯೂ ನೋಡಿದ್ದೆ. ಸಂಖ್ಯೆ 9ರಿಂದ 8ಕ್ಕೆ ಇಳಿಯಿತು. ಒಂದು ಸಂಜೆ ಹಾಳಾಯಿತು.

ಪ್ರಾಕ್ಸಿ ತಯಾರಾಗಲು ಸಮಯ ಬೇಕು. ರಾತ್ರಿ ಹಚ್ಚಿ ಮಲಗಿದೆ. ಬೆಳಿಗ್ಗೆ ಎದ್ದು ಸ್ಪೇಸ್ ಬಾರ್ ಒತ್ತಿದೆ. ಹಸಿರು ಚುಕ್ಕಿ. 30. ಮೂರೂ ಕ್ಯಾಮೆರಾ ಒಟ್ಟಿಗೆ ಇಟ್ಟು ಮಲ್ಟಿಕ್ಯಾಮ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಿದರೂ 30. ಆ ಲ್ಯಾಪ್‌ಟಾಪ್ ಮಾರಿಬಿಡುವ ಯೋಚನೆಯಲ್ಲಿದ್ದೆ ನಾನು.

ಪ್ರಾಕ್ಸಿಯ ಈಗಿನ ವ್ಯವಸ್ಥೆ ರಿಸಾಲ್ವ್ 17ರಲ್ಲಿ ಬಂತು. 2022ರಲ್ಲಿ ಬಂದ 18ರ ಜೊತೆ ಪ್ರಾಕ್ಸಿ ಜನರೇಟರ್ ಎಂಬ ಬೇರೆಯೇ ಒಂದು ಸಣ್ಣ ಆಪ್ ಸೇರಿತು. ಒಂದು ಫೋಲ್ಡರ್ ತೋರಿಸಿದರೆ ಸಾಕು, ಅದರಲ್ಲಿ ಬಂದು ಬೀಳುವ ಕ್ಲಿಪ್‌ಗಳಿಗೆಲ್ಲ ಪಕ್ಕದಲ್ಲೇ 'ಪ್ರಾಕ್ಸಿ' ಎಂಬ ಒಳಫೋಲ್ಡರ್‌ನಲ್ಲಿ ನಕಲು ಮಾಡಿಡುತ್ತದೆ. ರಿಸಾಲ್ವ್ ತಾನಾಗಿ ಹೊಂದಿಸಿಕೊಳ್ಳುತ್ತದೆ. ಪ್ಲೇಬ್ಯಾಕ್ ಮೆನುವಿನಲ್ಲಿ 'ಪ್ರಿಫರ್ ಪ್ರಾಕ್ಸೀಸ್' ಮತ್ತು 'ಪ್ರಿಫರ್ ಕ್ಯಾಮೆರಾ ಒರಿಜಿನಲ್ಸ್' ಎಂಬ ಆಯ್ಕೆಗಳಿವೆ. ಬೇಕೆಂದಾಗ ಅತ್ತಿಂದಿತ್ತ ಬದಲಾಯಿಸಬಹುದು. ಹೊರತೆಗೆಯುವಾಗ ನೀವೇ ಬೇರೆ ಹೇಳದಿದ್ದರೆ ಮೂಲವನ್ನೇ ಬಳಸುತ್ತದೆ.

ಈ ಬದಲಾಯಿಸುವ ಆಯ್ಕೆಯನ್ನು ಮರೆತರೆ ಏನಾಗುತ್ತದೆ ಎಂದು ನನ್ನಿಂದಲೇ ಕಲಿಯಿರಿ. ಎರಡನೇ ಅಂಕದಲ್ಲಿ ರಾಣಿಯ ಒಂದು ಉದ್ದ ಮಾತಿದೆ. ಬಲಗಡೆ ಫೋನಿನ ಕ್ಲೋಸಪ್ ಬಳಸಿದೆ. ಪ್ರಾಕ್ಸಿಯಲ್ಲಿ, ಅದೂ ಸಣ್ಣ ಕಿಟಕಿಯಲ್ಲಿ, ಚೆನ್ನಾಗಿಯೇ ಕಂಡಿತ್ತು. 4ಕೆಯಲ್ಲಿ ಹೊರತೆಗೆದು ದೊಡ್ಡ ಪರದೆಗೆ ಹಾಕಿದರೆ ಫೋಕಸ್ ಅವಳ ಮುಖದ ಮೇಲಿಲ್ಲ, ರಂಗದ ಹಿಂದಿನ ಪರದೆಯ ಜರಿಯ ಮೇಲಿದೆ. ತಪ್ಪು ನನ್ನದೇ. ಈಗ ಪ್ರತಿ ದೃಶ್ಯ ಕತ್ತರಿಸಿದ ಮೇಲೆ ಒಮ್ಮೆ ಮೂಲಕ್ಕೆ ಬದಲಾಯಿಸಿ, ಓಡಿಸದೆ, ಒಂದೊಂದು ಶಾಟಿನ ಮೇಲೆ ನಿಲ್ಲಿಸಿ ನೋಡುತ್ತೇನೆ. ಬಣ್ಣದ ಕೆಲಸವನ್ನೂ ಮೂಲದ ಮೇಲೇ.

ಪ್ರಾಕ್ಸಿ ಮಾಡುವ ಮೊದಲೇ ಪ್ರಯತ್ನಿಸಬಹುದಾದ ಒಂದು ಶಾರ್ಟ್‌ಕಟ್ ಇದೆ. ಪ್ಲೇಬ್ಯಾಕ್ ಮೆನುವಿನಲ್ಲೇ ಟೈಮ್‌ಲೈನ್ ರೆಸಲ್ಯೂಷನ್ನನ್ನು ಹಾಫ್ ಅಥವಾ ಕ್ವಾರ್ಟರ್‌ಗೆ ಇಳಿಸುವುದು. ಎರಡು ಸೆಕೆಂಡಿನ ಕೆಲಸ. ಬಣ್ಣ, ಎಫೆಕ್ಟ್ ಭಾರವಾಗಿದ್ದರೆ ಇದು ಕೆಲಸ ಮಾಡುತ್ತದೆ. ನನಗೆ 9 ಇದ್ದದ್ದು 12 ಆಯಿತು, ಅಷ್ಟೆ. ಯಾಕೆಂದರೆ ತೋರಿಸುವ ಚಿತ್ರ ಚಿಕ್ಕದಾದರೂ ಮೂಲದ ಗಂಟನ್ನು ಬಿಡಿಸುವ ಕೆಲಸ ಹಾಗೇ ಉಳಿಯುತ್ತದೆ.

ಇನ್ನೊಂದು ಔಷಧ ರೆಂಡರ್ ಕ್ಯಾಶ್, ಅಂದರೆ ಭಾರದ ತುಂಡನ್ನು ಮೊದಲೇ ಲೆಕ್ಕ ಮಾಡಿ ಉಳಿಸಿಟ್ಟುಕೊಳ್ಳುವುದು. ಇದು ಬೇರೆ ರೋಗಕ್ಕೆ. ಶುರುವಿನಲ್ಲಿ ನಾನೊಂದು ಶೀರ್ಷಿಕೆ ಮಾಡಿದ್ದೆ. ಮಂಜಿನೊಳಗಿಂದ ಅಕ್ಷರ ಬರಬೇಕು, ಹಿಂದೆ ದೃಶ್ಯ ಮಸುಕಾಗಬೇಕು, ಮೇಲೊಂದು ಹೊಳಪು. ಎಂಟು ಸೆಕೆಂಡು ಅಷ್ಟೆ. ಪ್ರಾಕ್ಸಿ ಇದ್ದರೂ ಅಲ್ಲಿ ಮಾತ್ರ ಸಂಖ್ಯೆ 3ಕ್ಕೆ ಕುಸಿಯುತ್ತಿತ್ತು. ಅಲ್ಲಿ ಭಾರ ಫೈಲಿನದ್ದಲ್ಲ, ನನ್ನ ಅಲಂಕಾರದ್ದು. ಪ್ಲೇಬ್ಯಾಕ್ ಮೆನುವಿನಲ್ಲಿ ರೆಂಡರ್ ಕ್ಯಾಶ್ ಅನ್ನು 'ಸ್ಮಾರ್ಟ್' ಮಾಡಿದರೆ ಅಂಥ ಭಾರದ ತುಂಡುಗಳ ಮೇಲೆ ಕೆಂಪು ಗೆರೆ ಬೀಳುತ್ತದೆ. ಕೈ ಬಿಟ್ಟು ಐದು ಸೆಕೆಂಡು ಸುಮ್ನೆ ಕೂತರೆ ಅದು ಹಿನ್ನೆಲೆಯಲ್ಲೇ ಲೆಕ್ಕ ಮಾಡಿಟ್ಟುಕೊಳ್ಳಲು ಶುರು ಮಾಡುತ್ತದೆ. ಗೆರೆ ನೀಲಿಯಾದರೆ ಆ ತುಂಡು ಸರಾಗ. ಆದರೆ ಅದರಲ್ಲಿ ಏನಾದರೂ ತಿದ್ದಿದರೆ ಮತ್ತೆ ಕೆಂಪು. ಹಾಗಾಗಿ ಶೀರ್ಷಿಕೆ, ಎಫೆಕ್ಟುಗಳನ್ನು ಕೊನೆಗೆ ಇಟ್ಟುಕೊಳ್ಳುವುದೇ ವಾಸಿ. 'ಯೂಸರ್' ಎಂದಿಟ್ಟರೆ ಯಾವುದನ್ನು ಕ್ಯಾಶ್ ಮಾಡಬೇಕೆಂದು ಬಹುಪಾಲು ನಾವೇ ಹೇಳಬಹುದು. ನನಗೆ ಅದೇ ಇಷ್ಟ. ಸ್ಮಾರ್ಟ್ ಒಮ್ಮೊಮ್ಮೆ ಜಾಸ್ತಿಯೇ ಬುದ್ಧಿವಂತಿಕೆ ತೋರಿಸುತ್ತದೆ.

ಕ್ಯಾಶ್ ಎಲ್ಲಿ ಕೂರುತ್ತದೆ ಎಂದು ನಾನು ನೋಡಿರಲಿಲ್ಲ. ಎರಡನೇ ವಾರ ಲ್ಯಾಪ್‌ಟಾಪ್ ಜಾಗ ಇಲ್ಲ ಎಂದು ಅಳತೊಡಗಿತು. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ವರ್ಕಿಂಗ್ ಫೋಲ್ಡರ್ಸ್‌ನಲ್ಲಿ ಕ್ಯಾಶ್‌ನ ಜಾಗವನ್ನು ತಿರುಗುವ ಭಾಗವಿಲ್ಲದ, ವೇಗದ ಹೊರಗಿನ ಡಿಸ್ಕಿಗೆ, ಅಂದರೆ ಎಸ್‌ಎಸ್‌ಡಿಗೆ ಬದಲಾಯಿಸಿ, ಹಳೆಯದನ್ನು 'ಡಿಲೀಟ್ ರೆಂಡರ್ ಕ್ಯಾಶ್' ಮಾಡಿದ ಮೇಲೆ ಉಸಿರಾಡಿತು. ಇದೇ ಹೊತ್ತಿನಲ್ಲಿ ಶುಚಿ ಮಾಡುವ ಹುರುಪಿನಲ್ಲಿ ಮೂಲ ಫೈಲುಗಳ ಫೋಲ್ಡರಿನ ಹೆಸರನ್ನೂ ಬದಲಾಯಿಸಿಬಿಟ್ಟೆ. ಟೈಮ್‌ಲೈನ್ ಪೂರ್ತಿ ಕೆಂಪಗಾಗಿ 'ಮೀಡಿಯಾ ಆಫ್‌ಲೈನ್' ಎಂದಿತು. ಹತ್ತು ನಿಮಿಷ ಕೈಕಾಲು ತಣ್ಣಗಾಗಿತ್ತು. ರೀಲಿಂಕ್ ಮಾಡಿದರೆ, ಅಂದರೆ ಫೈಲುಗಳು ಈಗ ಎಲ್ಲಿವೆ ಎಂದು ತೋರಿಸಿದರೆ, ಸರಿಹೋಗುತ್ತದೆ. ಆದರೂ ಶುರುವಿನಲ್ಲೇ ಒಂದು ಹೆಸರಿಟ್ಟು ಕೈ ತೆಗೆಯಿರಿ.

ಡಿಸ್ಕಿನ ಮಾತು ಬಂತಲ್ಲ. ಮೊದಲು ಎಲ್ಲವನ್ನೂ ಒಂದು ಹಳೇ ಯುಎಸ್‌ಬಿ 2.0 ಡ್ರೈವ್‌ನಿಂದ ಓಡಿಸುತ್ತಿದ್ದೆ. ಅದು ನಿಜವಾಗಿ ಕೊಡುವುದು ಸೆಕೆಂಡಿಗೆ 30-40 ಎಂಬಿ. ಪ್ರಾಕ್ಸಿ ಮೂರು ಸೇರಿದರೂ ಸೆಕೆಂಡಿಗೆ 17 ಎಂಬಿ ಆಸುಪಾಸು. ಲೆಕ್ಕದಲ್ಲಿ ಸಾಕು. ಆದರೆ ತಿರುಗುವ ಡಿಸ್ಕಿನಲ್ಲಿ ಓದುವ ಮುಳ್ಳು ಮೂರು ಫೈಲುಗಳ ನಡುವೆ ಓಡಾಡಬೇಕು, ಅಲ್ಲಿ ಎಡವುತ್ತದೆ. ಎಸ್‌ಎಸ್‌ಡಿಗೆ ಸರಿಸಿದ ಮೇಲೆ ಆ ಎಡವುವುದೂ ಹೋಯಿತು. ಆ ರ‍್ಯಾಮಿನ ದುಡ್ಡು ಇದಕ್ಕೆ ಹಾಕಿದ್ದರೆ ಚೆನ್ನಾಗಿತ್ತು. ಇನ್ನೊಂದು, ನಾಚಿಕೆಯ ವಿಷಯ: ಚಾರ್ಜರ್ ಹಾಕಿ. ಬ್ಯಾಟರಿ ಮೇಲೆ ಓಡುವಾಗ ಲ್ಯಾಪ್‌ಟಾಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಒಂದು ಮಧ್ಯಾಹ್ನವಿಡೀ ಸೆಟ್ಟಿಂಗ್ ತಡಕಾಡಿದ ಮೇಲೆ ನನಗಿದು ಹೊಳೆದದ್ದು.

ಉಚಿತ ಆವೃತ್ತಿಯ ಮಿತಿಗಳನ್ನೂ ಹೇಳಬೇಕು. 3840 ಬೈ 2160ಕ್ಕಿಂತ ದೊಡ್ಡದಾಗಿ, ಸೆಕೆಂಡಿಗೆ 60 ಫ್ರೇಮಿಗಿಂತ ಜಾಸ್ತಿಯಾಗಿ ಹೊರತೆಗೆಯಲಾಗದು. ನಮ್ಮಂಥವರಿಗೆ ಅದು ಮಿತಿಯೇ ಅಲ್ಲ. ನನಗೆ ನಿಜವಾಗಿ ಬೇಕೆನಿಸಿದ್ದು ನಾಯ್ಸ್ ರಿಡಕ್ಷನ್. ಕತ್ತಲಿನ ದೃಶ್ಯದಲ್ಲಿ ಫೋನು ಹಿಡಿದ ಚಿತ್ರ ಮರಳು ಚೆಲ್ಲಿದ ಹಾಗಿರುತ್ತದೆ. ಅದನ್ನು ತೆಗೆಯುವ ಸಾಧನ ದುಡ್ಡು ಕೊಟ್ಟ ಸ್ಟುಡಿಯೋ ಆವೃತ್ತಿಯಲ್ಲಿ ಮಾತ್ರ. ಲಿನಕ್ಸ್ ಬಳಸುವವರು ಇನ್ನೂ ಎಚ್ಚರವಾಗಿರಬೇಕು: ಅಲ್ಲಿ ಉಚಿತ ಆವೃತ್ತಿ ಎಚ್.264 ಫೈಲುಗಳನ್ನು ತೆರೆಯುವುದೇ ಇಲ್ಲ, ಮೊದಲು ಬೇರೆ ಬಗೆಗೆ ಬದಲಾಯಿಸಿಕೊಳ್ಳಬೇಕು. ಮತ್ತೆ ಈ ಸಾಫ್ಟ್‌ವೇರ್‌ಗೆ ಗ್ರಾಫಿಕ್ಸ್ ಕಾರ್ಡಿನ ಹಸಿವು ಜಾಸ್ತಿ. ನಿಮ್ಮ ಯಂತ್ರದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪ್ರಾಕ್ಸಿ ಇದ್ದರೂ ಬಣ್ಣದ ಕೆಲಸದಲ್ಲಿ ಏದುಸಿರು ಬಿಡುತ್ತದೆ.

ಹೊಸ ಕಾರ್ಡ್ ಕೊಂಡರೆ ಎಲ್ಲ ಸರಿಹೋಗುತ್ತದೆ ಎಂದೂ ಇಲ್ಲ. ಒಳ್ಳೆಯ ಕ್ಯಾಮೆರಾಗಳು ಕೊಡುವ 10 ಬಿಟ್ 4:2:2 ಎಂಬ, ಬಣ್ಣದ ವಿವರ ಹೆಚ್ಚಿರುವ ಬಗೆಯನ್ನು ಬಿಡಿಸುವ ಚಿಪ್ ಭಾಗ ಎನ್‌ವಿಡಿಯಾ ಕಾರ್ಡುಗಳಿಗೆ ಬಂದದ್ದೇ 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಇಂಟೆಲ್‌ನ ಚಿಪ್‌ಗಳಲ್ಲಿ ಎಚ್.265ರ ಮಟ್ಟಿಗೆ ಅದು ಮೊದಲೇ ಇತ್ತು. ಅಂಥ ಫೈಲು ಕೈಗೆ ಬಂದರೆ ದುಬಾರಿ ಯಂತ್ರವೂ ಪ್ರಾಕ್ಸಿಯ ಬಾಗಿಲಿಗೇ ಬರುತ್ತದೆ.

ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ದಾರಿ ಇದೇ. ಪ್ರೀಮಿಯರ್ ಪ್ರೊದಲ್ಲಿ ಪ್ರಾಕ್ಸಿಗೆ ಒಂದು ಗುಂಡಿಯೇ ಇದೆ. ಶಾಟ್‌ಕಟ್ ಮತ್ತು ಕೆಡೆನ್‌ಲೈವ್ ಎರಡೂ ಪೂರ್ತಿ ಉಚಿತ, ಎರಡರಲ್ಲೂ ಪ್ರಾಕ್ಸಿ ಇದೆ, ಗ್ರಾಫಿಕ್ಸ್ ಕಾರ್ಡಿಗೆ ಅಷ್ಟು ಹಟ ಮಾಡುವುದಿಲ್ಲ. ಬರೀ ಕತ್ತರಿಸಿ ಜೋಡಿಸುವ ಕೆಲಸವಾದರೆ ನಾನು ಶಾಟ್‌ಕಟ್‌ನಲ್ಲೇ ಮುಗಿಸುತ್ತಿದ್ದೆನೇನೋ. ಮೂರು ಕ್ಯಾಮೆರಾ, ಬಣ್ಣ, ಧ್ವನಿ ಎಲ್ಲ ಒಂದೇ ಕಡೆ ಬೇಕಾದ್ದರಿಂದ ರಿಸಾಲ್ವ್ ಬಿಡಲು ಮನಸ್ಸಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಡಿಮೆ ಮಾಡಿದ್ದು ಈ ಪ್ರಾಕ್ಸಿಯ ವಿಚಾರವನ್ನು ಅದು ಹೊಸಬರಿಗೆ ತಾನಾಗಿ ಹೇಳುವುದಿಲ್ಲ ಎಂಬುದಕ್ಕೆ. ಕೆಂಪು ಚುಕ್ಕಿ ತೋರಿಸುತ್ತದೆ ಸರಿ, ಪಕ್ಕದಲ್ಲೇ "ಪ್ರಾಕ್ಸಿ ಮಾಡಲೇ?" ಎಂದು ಒಂದು ಮಾತು ಕೇಳಬಹುದಿತ್ತು.

ಪೂರ್ತಿ ವಿಡಿಯೋ ತಯಾರಾದ ದಿನ ತಂಡದವರೆಲ್ಲ ಕೂತು ನೋಡಿದೆವು. ಎಲ್ಲೂ ತಡವರಿಸಲಿಲ್ಲ, ಒಂದು ಕಡೆ ಬಿಟ್ಟು. ಮೂರನೇ ದೃಶ್ಯದಲ್ಲಿ ರಾಜ ಸಿಂಹಾಸನದ ಕಡೆ ಹೋಗುವಾಗ ಮತ್ತೆ ಒಂದು ಹೆಜ್ಜೆ ಇಟ್ಟು, ನಿಂತು, ಎರಡು ಹೆಜ್ಜೆ ಹಾರಿದ. ನಾನು ಗಾಬರಿಯಾಗಿ ಮನೆಗೆ ಬಂದು ಮೂಲ ಫೈಲ್ ತೆರೆದು ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಫ್ರೇಮ್ ಒಂದೂ ಬಿಟ್ಟಿರಲಿಲ್ಲ. ಅವನ ಪಂಚೆ ಕಾಲಿಗೆ ಸಿಕ್ಕಿಕೊಂಡಿತ್ತು.